ಮುಂಜಾವಿನ ಲೇಪದ ಬಗ್ಗೆ ತಬಸ್ಸುಮ್‌ಗೆ

ಕಲ್ಲುಮಡು, ತುಂಗಭದ್ರೆಯ ಎಡದಂಡೆ
ಇಸವಿ 2219, ಫೆಬ್ರವರಿ 30

ತಬಸ್ಸುಮ್,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ; ಅವು ಹೊಳೆಯ ದಿನಗಳು, ಆಗ ಯಾರೂ ನೀರಿಗೆ ಇಳಿಯುವಂತಿಲ್ಲ. ನನ್ನ ಮಾತು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ನಿನ್ನಿಂದಲೇ. ನೀನು ಮಾಡಿದ ಕಥೆಯಿಂದ ಮತ್ತು ಅದರ ಕೆಳಗೆ ಜನ ಬರೆದ ಹದಿನಾಲ್ಕು ಕಾಮೆಂಟುಗಳಿಂದ. ಅದರಲ್ಲಿ ಒಂಬತ್ತು ಕಾಮೆಂಟು ಬರೀ 'ಸೂಪರ್' ಎಂದಿರುವುದರಿಂದ ಕಲಿಯುವುದಕ್ಕೆ ಹೆಚ್ಚೇನೂ ಸಿಗಲಿಲ್ಲ.

ನಾನು ಹುಲಿಗೆವ್ವ. ಕಲ್ಲುಮಡುವಿನಲ್ಲಿ ಹರಿಗೋಲು ಹೆಣೆಯುವುದನ್ನು ನಲವತ್ತು ವರ್ಷದಿಂದ ಕಲಿಸುತ್ತಿದ್ದೇನೆ. ನನಗೆ ಅರವತ್ತೆಂಟು, ನಿನಗೆ ಆಗ ಇಪ್ಪತ್ತೊಂದು. ಕಾಲದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಯ ಅಜ್ಜಿಯಷ್ಟು ಹಿರಿಯಳು. ಆದರೂ ನಿನ್ನ ಧ್ವನಿ ಕೇಳಿದಾಗಲೆಲ್ಲ ನನಗೆ ಶಾಲೆಯ ಹುಡುಗಿಯರೇ ಕಣ್ಣಮುಂದೆ ಬರುತ್ತಾರೆ. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಮ್ಮ ಹೊಳೆ ನೀನು ನೋಡಿದ ಹೊಳೆಯಲ್ಲ. ಮಳೆಗಾಲ ಬಂತೆಂದರೆ ಪಾತ್ರ ಬದಲಿಸುತ್ತದೆ. ಈ ವರ್ಷ ಹರಿದಲ್ಲಿ ಮುಂದಿನ ವರ್ಷ ಹರಿಯುವುದಿಲ್ಲ. ಇಂಥ ಹೊಳೆಗೆ ಸೇತುವೆ ಕಟ್ಟಿ ಏನು ಮಾಡುವುದು? ನಡುವೆ ಮೂರು ತಲೆಮಾರು ತೂಗುಬಂಡಿಗಳಿದ್ದವಂತೆ, ಅಂದರೆ ತಂತಿಗೆ ಜೋತುಬಿದ್ದು ಹೊಳೆ ದಾಟುವ ಪೆಟ್ಟಿಗೆಗಳು. ಕಂಬಗಳು ಕುಸಿದ ಮೇಲೆ ಅವೂ ಹೋದವು. ಅಷ್ಟು ಹೊತ್ತಿಗೆ ಹರಿಗೋಲು ಹೆಣೆಯಬಲ್ಲ ಒಂದು ಜೀವವೂ ಈ ದಂಡೆಯಲ್ಲಿ ಉಳಿದಿರಲಿಲ್ಲ. ಪುಸ್ತಕ ನೋಡೋಣವೆಂದರೆ ಕರಗುಕಾಲ ಆಗಿಹೋಗಿತ್ತು. ನೀವು ಆಕಾಶದಲ್ಲೆಲ್ಲೋ ಇಟ್ಟಿದ್ದೀರೆಂದು ನಂಬಿಕೊಂಡಿದ್ದ ಚಿತ್ರ, ಮಾತು, ಬರಹವೆಲ್ಲ ಎಂಟು ವರ್ಷಗಳಲ್ಲಿ ಅಳಿಸಿಹೋದದ್ದನ್ನು ನಾವು ಹಾಗೆ ಕರೆಯುತ್ತೇವೆ. ಉಳಿದದ್ದು ಯಾರದೋ ಕಪಾಟಿನ ಮೂಲೆಯ ಯಂತ್ರದಲ್ಲಿ ಮರೆತುಹೋಗಿ ಬಿದ್ದಿದ್ದದ್ದು ಮಾತ್ರ. ಹಾಗೆ ಉಳಿದವುಗಳಲ್ಲಿ ಒಂದು ನಿನ್ನದು. 'ಜಂಬಣ್ಣನ ಹರಿಗೋಲು', ಆರು ನಿಮಿಷ ನಲವತ್ತು ಸೆಕೆಂಡು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: ತಬಸ್ಸುಮ್ ಹವಾಲ್ದಾರ, ಮಲ್ಟಿಮೀಡಿಯಾ ಫೋಟೊ ಪತ್ರಿಕೋದ್ಯಮ, ಎರಡನೇ ಸೆಮಿಸ್ಟರ್.

ನಿನ್ನ ಕಾಲೇಜಿನವರು ಅದಕ್ಕೆ ಎಷ್ಟು ಅಂಕ ಕೊಟ್ಟರೋ ತಿಳಿಯದು. ಇಲ್ಲಿ ಅದು ನಮಗೆ ಅನ್ನ ಕೊಟ್ಟಿತು. ನೋಟಮನೆಯಲ್ಲಿ, ಅಂದರೆ ಹಳೆಯ ಚಿತ್ರಗಳನ್ನು ಊರೆಲ್ಲ ಕೂಡಿ ನೋಡುವ ಮನೆಯಲ್ಲಿ, ಎಳ್ಳಮಾವಾಸ್ಯೆಯ ಮರುದಿನ ಅದನ್ನು ತೋರಿಸುತ್ತೇವೆ. ಬೆರಳಿನಿಂದ ಪುಟ ಮೇಲಕ್ಕೆ ಸರಿಸಿದರೆ ಜಂಬಣ್ಣನ ಕೈ, ಅದರ ಮೇಲೆ ನಿನ್ನ ನಾಲ್ಕು ಸಾಲು; ಮತ್ತೆ ಸರಿಸಿದರೆ ಬಿದಿರು ಸೀಳುವ ಸದ್ದು; ಆಮೇಲೆ ವಿಡಿಯೊ. 'ಹಂಚಿಕೊಳ್ಳಿ' ಎಂಬ ಗುಂಡಿ ಇನ್ನೂ ಇದೆ. ಒತ್ತಿದರೆ ಏನೂ ಆಗುವುದಿಲ್ಲ, ಆದರೂ ಮಕ್ಕಳು ಸಾಲುಗಟ್ಟಿ ಒತ್ತುತ್ತಾರೆ. ನಮ್ಮ ಹಿರಿಯರು ನಿನ್ನ ವಿಡಿಯೊ ನೋಡಿ, ನಿಲ್ಲಿಸಿ, ಮತ್ತೆ ನೋಡಿ, ಎರಡು ವರ್ಷದಲ್ಲಿ ಮೊದಲ ಹರಿಗೋಲು ನೀರಿಗಿಳಿಸಿದರು. ಡಾಂಬರಿಗೆ ನಿಮ್ಮ ಹೆದ್ದಾರಿಗಳನ್ನೇ ಅಗೆದು ಕಾಯಿಸಿದೆವು, ಈಗಲೂ ಹಾಗೇ. ಡಾಂಬರಿನ ಕೆಳಗೆ ಬಿದಿರಿಗೆ ಹೊದಿಸುವ ಬಟ್ಟೆ ಮಾತ್ರ ನಮ್ಮದು, ಪುಂಡಿನಾರಿನದು.

ನಿನ್ನ ಕಥೆಯ ಅತಿ ಚೆಂದದ ಚಿತ್ರ ಯಾವುದೆಂದು ನಿನಗೂ ಗೊತ್ತಿರಬೇಕು. ಸೂರ್ಯ ಆಗಷ್ಟೇ ಮೂಡಿದ್ದಾನೆ, ಕೆಂಪು ರುಮಾಲು ಸುತ್ತಿದ ಜಂಬಣ್ಣ ಬೋರಲು ಹಾಕಿದ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದಾನೆ, ಡಾಂಬರಿನ ಹಬೆ ಬೆಳಕಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿದೆ. ಆ ಚಿತ್ರದಿಂದ ನಮ್ಮಲ್ಲಿ ಒಂದು ನಿಯಮವೇ ಹುಟ್ಟಿತು. ಅದರ ಹೆಸರು ಮುಂಜಾವಿನ ಲೇಪ. ಸೂರ್ಯ ಮೂಡುವಾಗ, ಪೂರ್ವಕ್ಕೆ ಮುಖ ಮಾಡಿ, ಕೆಂಪು ರುಮಾಲು ಸುತ್ತಿಕೊಂಡು ಮಾತ್ರ ಡಾಂಬರು ಬಳಿಯಬೇಕು. ನಲವತ್ತು ವರ್ಷ ಇದನ್ನು ಕಲಿಸಿದವಳು ನಾನು. ರುಮಾಲು ಸಡಿಲಾಗಿದ್ದ ಹುಡುಗಿಯರನ್ನು ಮನೆಗೆ ಕಳಿಸಿದವಳೂ ನಾನೇ.

ಫಕೀರವ್ವ ನನ್ನ ಶಿಷ್ಯೆ. ಅವಳಂಥ ಕೈ ನಾನು ಮತ್ತೆ ಕಂಡಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಅವಳು ಹೆಣೆದ ಹರಿಗೋಲಿನಲ್ಲಿ ನೀರು ತುಂಬಿಟ್ಟರೂ ಹನಿ ಸೋರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಎಂದಿನ ಬೇಸಿಗೆಯ ಬದಲು ಚಳಿಗಾಲದಲ್ಲಿ, ಊರಿನ ದೊಡ್ಡ ಹರಿಗೋಲಿಗೆ ಲೇಪ ಹಾಕುವ ದಿನ ಅವಳು ಬಟ್ಟೆಯ ಮೇಲೆ ಅಂಗೈ ಇಟ್ಟು ನನಗೆ ತೋರಿಸಿದಳು. ಅಂಗೈ ಒದ್ದೆಯಾಗಿತ್ತು. ಬಿಸಿಲೇರಲಿ, ಬಟ್ಟೆ ಕಾಯಲಿ, ಮಧ್ಯಾಹ್ನ ಬಳಿಯೋಣ ಎಂದಳು. ನಾನು ಗದರಿದೆ. ಜಂಬಣ್ಣನಿಗಿಂತ ನೀನು ದೊಡ್ಡವಳಾದೆಯಾ, ಚಿತ್ರ ಕಣ್ಣಿಗೆ ಕಾಣುತ್ತಿಲ್ಲವೇ ಎಂದು ಹತ್ತು ಜನರ ಮುಂದೆ ಅಂದೆ. ಅವಳು ರುಮಾಲು ಸುತ್ತಿಕೊಂಡು ಬಳಿದಳು. ಉಳಿದವರು ತಮ್ಮ ಕೆಲಸಕ್ಕೆ ಹೋದರು; ಮೊದಲಿಂದ ಕೊನೆಯವರೆಗೆ ಪಕ್ಕದಲ್ಲಿ ನಿಂತಿದ್ದವಳು ನಾನೊಬ್ಬಳೇ.

ಹನ್ನೊಂದು ದಿನಕ್ಕೆ ನಡುಹೊಳೆಯಲ್ಲಿ ಲೇಪ ಸುಲಿದುಕೊಂಡು ಬಂತು. ಹುಟ್ಟು ಹಾಕುತ್ತಿದ್ದವನು ಫಕೀರವ್ವನ ಅಣ್ಣ ಈರಣ್ಣ. ಐವರು ಈಜಿ ದಡ ಸೇರಿದರು. ಈಜು ಬಾರದ ಮುದುಕಿಯೊಬ್ಬಳನ್ನು ಬಿದಿರ ಅಂಚಿಗೆ ಹತ್ತಿಸಿ ದಡದತ್ತ ತಳ್ಳಿದ ಈರಣ್ಣ ತಾನು ಬರಲಿಲ್ಲ.

ಪಂಚಾಯಿತಿ ಕೂಡಿತು. ಲೇಪ ಯಾಕೆ ಬಿಟ್ಟಿತು ಎಂದು ಹಿರಿಯರು ಕೇಳಿದರು. ಬಿಸಿಲೇರಿದ ಮೇಲೆ ಬಳಿದಿರಬೇಕು, ನಿಯಮ ತಪ್ಪಿರಬೇಕು ಎಂದು ಯಾರೋ ಅಂದರು. ಫಕೀರವ್ವ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

"ಅಕ್ಕೋರ, ನೀವ ಮುಂದ ನಿಂತು ಬಳಿಸಿದ್ರಲ್ಲ."

ಹೌದು ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಆದರೆ ಹೌದೆಂದರೆ ನಿಯಮ ಸುಳ್ಳಾಗುತ್ತದೆ, ನಿಯಮ ಸುಳ್ಳಾದರೆ ನಾನು ಯಾರು? ಲೇಪದ ದಿನ ಸ್ವಲ್ಪ ಹೊತ್ತು ಮಾತ್ರ ನಿಂತಿದ್ದೆ, ಆಮೇಲೆ ಮನೆಗೆ ಹೋದೆ, ಮುಂದಿನದು ನನಗೆ ಗೊತ್ತಿಲ್ಲ ಎಂದುಬಿಟ್ಟೆ. ಹರಿಗೋಲು ಮುಟ್ಟಬಾರದು ಎಂದು ಪಂಚಾಯಿತಿ ಅವಳಿಗೆ ಕಟ್ಟುಮಾಡಿತು. ಅವಳ ತಾಯಿ ಬಸಲಿಂಗವ್ವ ಅಂದಿನಿಂದ ಮಗಳ ಜೊತೆ ಮಾತು ಬಿಟ್ಟಳು. ಫಕೀರವ್ವ ಬಲದಂಡೆಗೆ ಹೋಗಿ ಜೋಳ ತುಂಬುವ ಬುಟ್ಟಿ ಹೆಣೆದುಕೊಂಡು ಬದುಕಿದಳು. ದಿನಾ ಹೊಳೆಯ ಆ ಬದಿಯಲ್ಲಿ ಅವಳ ಮನೆಯ ಹೊಗೆ ನನಗೆ ಕಾಣುತ್ತಿತ್ತು. ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ.

ಕಳೆದ ಸುಗ್ಗಿಯಲ್ಲಿ, ಹೆದ್ದಾರಿ ಅಗೆಯುವವರಿಗೆ ಒಂದು ಹಳೆಯ ಕಟ್ಟಡದ ಅಡಿಯಲ್ಲಿ ಸ್ಟೀಲಿನ ಊಟದ ಡಬ್ಬಿ ಸಿಕ್ಕಿತು. ಒಳಗೆ ದುಪಟ್ಟಾದಲ್ಲಿ ಸುತ್ತಿದ ಒಂದು ಹಾರ್ಡ್‌ಡಿಸ್ಕ್. ಮೇಲೆ ನಿನ್ನ ಹೆಸರು. ಎಬ್ಬಿಸುವವರು, ಅಂದರೆ ಸತ್ತ ಯಂತ್ರಗಳಿಗೆ ಜೀವ ಕೊಡುವ ಕಸುಬಿನವರು, ನಾಲ್ಕು ತಿಂಗಳು ಹೆಣಗಿ ಅದನ್ನು ತೆರೆದರು. ನೋಟಮನೆಯ ಬೀಗದ ಕೈ ನನ್ನ ಬಳಿ ಇರುವುದರಿಂದ ನನಗೇ ತಂದುಕೊಟ್ಟರು. ಅದರಲ್ಲಿ ನಿನ್ನ ಕಥೆ ಮೂರು ಸಲ ಇತ್ತು: 'ಫೈನಲ್', 'ಫೈನಲ್ ಎರಡು', 'ನಿಜವಾದ ಫೈನಲ್'. ನಕ್ಕುಬಿಟ್ಟೆ. ಜೊತೆಗೆ ಕತ್ತರಿಸದ ವಿಡಿಯೊ ನಲವತ್ತೊಂದು ನಿಮಿಷ. ಅದರಲ್ಲಿ ನಿನ್ನ ಧ್ವನಿ ಕೇಳಿದೆ. ನಾಳೆ ಆರಕ್ಕೆ ಬಂದು ಬಳಿಯುತ್ತೀರಾ ಕಾಕಾ, ಬೆಳಕು ಚೆಂದ ಇರುತ್ತದೆ, ನಾನು ತಂದ ಕೆಂಪು ರುಮಾಲು ಸುತ್ತಿಕೊಳ್ಳಿ ಎಂದು ನೀನು ಬೇಡಿಕೊಳ್ಳುತ್ತಿದ್ದೆ. ಜಂಬಣ್ಣ ನಗುತ್ತಲೇ ಕೊಟ್ಟ ಉತ್ತರ ಈಗ ನನಗೆ ಬಾಯಿಪಾಠವಾಗಿದೆ.

"ಆರಕ್ಕ ಯಾರು ಬಳೀತಾರವ್ವ? ಇಬ್ಬನಿ ಮ್ಯಾಲ ಡಾಂಬರ ಹಿಡಿಯಂಗಿಲ್ಲ. ಬಿಸಲಿಗೆ ಕಾದು, ಅಂಗೈ ಇಟ್ರ ಸುಡಬೇಕು, ಅವಾಗ ಬಳಿಬೇಕು. ನಿನ್ನ ಫೋಟೋಕ್ಕ ಬೇಕಂದ್ರ ಒಂಚೂರು ಬಳಿತೀನಿ, ಆಮ್ಯಾಲ ಕೆರದು ತಗೀತೀನಿ."

ಅವನು ಕೆರೆದು ತೆಗೆದದ್ದೂ ವಿಡಿಯೊದಲ್ಲಿದೆ. ನೀನು ಅದನ್ನು ಹಾಕಲಿಲ್ಲ. ಚೆಂದ ಕಾಣುವುದಿಲ್ಲ ಎಂದಿರಬೇಕು.

ನನಗೆ ಮೊದಲು ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಇಪ್ಪತ್ತೊಂದು ವರ್ಷದ ಹುಡುಗಿಯ ಬೆಳಕಿನ ಹುಚ್ಚಿಗೆ ನಮ್ಮ ಈರಣ್ಣ ಹೋದನಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಮೂರೂ ಫೈನಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಆ ಚಿತ್ರದ ಕೆಳಗೆ ಒಂದು ಸಾಲಿತ್ತು: 'ಈ ಚಿತ್ರಕ್ಕಾಗಿ ಬೆಳಗ್ಗೆ ಬಳಿಯಲು ನಾನೇ ಕೇಳಿಕೊಂಡೆ; ಜಂಬಣ್ಣ ಬಳಿಯುವುದು ಮಧ್ಯಾಹ್ನ.' ಎರಡನೆಯದರಲ್ಲಿ ಆ ಸಾಲು ಸಣ್ಣದಾಗಿತ್ತು. ಮೂರನೆಯದರಲ್ಲಿ ಇರಲಿಲ್ಲ. ಅಂದರೆ ನಿನಗೆ ಗೊತ್ತಿತ್ತು. ಬರೆದಿದ್ದೆ, ನಾಚಿಕೆಪಟ್ಟೆ, ಯಾರು ಕೇಳುತ್ತಾರೆ ಎಂದು ಅಳಿಸಿದೆ. ಆಗ ನನ್ನ ಸಿಟ್ಟು ಇಳಿಯಿತು. ನಿನಗೆ ಯಾವ ಸಾವೂ ಕಣ್ಣಮುಂದೆ ಇರಲಿಲ್ಲ, ತಬಸ್ಸುಮ್. ನನ್ನ ಮುಂದೆ ಈರಣ್ಣನ ಸಾವಿತ್ತು, ಅವನ ತಂಗಿ ನನ್ನ ಮುಖ ನೋಡುತ್ತಿದ್ದಳು. ನಿನ್ನದು ತಪ್ಪು. ನನ್ನದಕ್ಕೆ ಆ ಶಬ್ದ ಸಾಲುವುದಿಲ್ಲ.

ಈ ವರ್ಷ ನೋಟಮನೆಯಲ್ಲಿ ನಾನು ಕತ್ತರಿಸದ ನಲವತ್ತೊಂದು ನಿಮಿಷವನ್ನೂ ತೋರಿಸಿದೆ. ಆಮೇಲೆ ಎದ್ದು ನಿಂತು, ಅಂದು ಲೇಪ ಮುಗಿಯುವವರೆಗೂ ನಾನು ಅಲ್ಲೇ ಇದ್ದೆ, ಫಕೀರವ್ವ ಬೇಡವೆಂದಳು, ನಾನೇ ಬಳಿಸಿದೆ, ಪಂಚಾಯಿತಿಯಲ್ಲಿ ಸುಳ್ಳು ಹೇಳಿದೆ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ಜನ ಒಬ್ಬೊಬ್ಬರೇ ಎದ್ದು ಹೋದರು. ಮರುದಿನ ಹಿರಿಯರು ಬಂದು ಶಾಲೆಯ ಬೀಗದ ಕೈ ಕೇಳಿದರು, ಕೊಟ್ಟೆ. ಮುಂಜಾವಿನ ಲೇಪ ನಿಂತಿತು. ಈಗ ಹುಡುಗಿಯರು ನಡುಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಬಳಿಯುತ್ತಾರೆ, ತಲೆಗೆ ಸಿಕ್ಕಿದ ಬಟ್ಟೆ ಸುತ್ತಿಕೊಳ್ಳುತ್ತಾರೆ.

ಫಕೀರವ್ವನನ್ನು ಗುರುವಾಗಿ ಕರೆತರಲು ಹಿರಿಯರು ನನ್ನನ್ನೇ ಕಳಿಸಿದರು. ಹೊಳೆ ದಾಟಿ ಹೋದೆ. ಅವಳ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಚಾಪೆ ಹಾಸಿದಳು, ನೀರು ಕೊಟ್ಟಳು, ಗುರುವಿಗೆ ಕೊಡುವ ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ನಾನು ಎಲ್ಲ ಹೇಳಿದೆ, ಊರಿನ ಮುಂದೆ ಒಪ್ಪಿಕೊಂಡೆ ಎಂದೂ ಹೇಳಿದೆ. ಅವಳು ಹೆಣೆಯುತ್ತಿದ್ದ ಬುಟ್ಟಿಯನ್ನು ಪಕ್ಕಕ್ಕಿಟ್ಟಳು.

"ಊರಿಗೆ ಹೇಳಿದ್ದು ಛಲೋ ಆತು, ಅಕ್ಕೋರ. ನಮ್ಮವ್ವ ಹೋದ ವರ್ಷ ಸತ್ಲು. ಸಾಯೂ ಮುಂದೂ ನನ್ನ ಕೈಲೆ ನೀರು ಕುಡೀಲಿಲ್ಲ. ಆಕಿಗೆ ಯಾರು ಹೇಳ್ತಾರ?"

ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ. ಅವಳು ಕಲಿಸಲು ಬರುತ್ತಾಳೋ ಇಲ್ಲವೋ, ಕೇಳಲು ನನಗೆ ಬಾಯಿ ಬರಲಿಲ್ಲ.

ಈ ಪತ್ರ ನಿನ್ನನ್ನು ತಲುಪುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಒಂದು ವೇಳೆ ತಲುಪಿದರೆ, ನೀನು ಇನ್ನೂ ಎರಡನೇ ಫೈನಲ್‌ನಲ್ಲಿದ್ದರೆ, ಆ ಸಾಲನ್ನು ಅಳಿಸಬೇಡ ಮಗಳೇ. ಚಿತ್ರದ ಅಂದ ಸ್ವಲ್ಪ ಕೆಟ್ಟರೆ ಕೆಡಲಿ. ಈ ಹೊಳೆಯ ದಂಡೆಯಲ್ಲಿ ಒಬ್ಬಳು ತಾಯಿ ತನ್ನ ಮಗಳ ಕೈಯಿಂದ ನೀರು ಕುಡಿಯಲಿ.

ಹುಲಿಗೆವ್ವ