ಹಕ್ಕಿ ಪಾಲಿನ ಟೊಂಗೆ

ಮಾರ್ಚ್ 23, ಭಾನುವಾರ

ಮಸ್ಕಿ ಬಸ್‌ಸ್ಟ್ಯಾಂಡಿನಿಂದ ಗೆಸ್ಟ್‌ಗಳನ್ನು ಕರೆದುಕೊಂಡು ಹೊರಟಾಗ ಇನ್ನೂ ತಂಪಿತ್ತು. ಹೈದರಾಬಾದಿನವರು. ಕರೆತಂದವರು ಸಿಂಧನೂರಿನ ಶಿವಕಾಂತ ಸರ್ — ರೈಸ್ ಮಿಲ್ ಮಾಲೀಕರು, ತೋಳುದ್ದದ ಲೆನ್ಸ್. ನನ್ನ ಕೊರಳಲ್ಲಿ ಅರಣ್ಯ ಇಲಾಖೆ ಕೊಟ್ಟ ಗೈಡ್ ಕಾರ್ಡು. ಗುಡ್ಡದ ಬಂಡೆ ಸಂದಿಯಲ್ಲಿ ಕೊಂಬಿನ ಗೂಬೆಯ ಎರಡು ಮರಿ, ಹತ್ತಿ ಉಂಡೆಯ ಹಾಗೆ. ಅವನ್ನು ನೋಡಲೆಂದೇ ಅಷ್ಟು ದೂರದಿಂದ ಬರುತ್ತಾರೆ.

ಫೋಟೋ ಸರಿ ಬರಲಿಲ್ಲ. ಬಾರಿಯ ಮುಳ್ಳುಗಿಡದ ಟೊಂಗೆ ಅಡ್ಡ. ಗೆಸ್ಟ್‌ಗಳ ಮುಖ ಸಪ್ಪಗೆ. ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಒಂದ ಟೊಂಗಿ, ಜ್ಯೋತಿ. ಅಷ್ಟ ತಗದ್ರ ಸಾಕು. ಮುಂದಿನ ವಾರ ಮತ್ತ ಬರ್ತಾರ." ಆಗಲಿ ಅಂದೆ. ಯಾಕೆ ಅಂದೆನೋ.

ಮಾರ್ಚ್ 25

ಅವ್ವನ ಗಳ ಒಯ್ದೆ — ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು, ಆಡಿಗೆ ಸೊಪ್ಪು ಎಳೆಯುವುದು. ತಾಯಿ ಗೂಬೆ ಮೇಲಿನ ಬಂಡೆಯಿಂದ ನೋಡುತ್ತಲೇ ಇತ್ತು. ಒಂದೇ ಎಳೆತ.

ಅವ್ವ ಕರೆಮ್ಮ ಯಾವ ಗಿಡ ಕಡಿದರೂ ಪಡುವಣ ದಿಕ್ಕಿನ ಒಂದು ಟೊಂಗೆ ಮುಟ್ಟುವುದಿಲ್ಲ. ಹಕ್ಕಿ ಪಾಲು ಅನ್ನುತ್ತಾಳೆ. ಮಧ್ಯಾಹ್ನದ ನೆರಳು ಅದರದೇ. ಅವಳ ಅವ್ವನೂ ಹಾಗೇ ಬಿಡುತ್ತಿದ್ದಳಂತೆ. ನಾನು ಕಡಿದದ್ದು ಅದನ್ನೇ. ಕಡಿದ ಮೇಲೆ ನೆನಪಾಯಿತು… ಸುಳ್ಳು. ಮೊದಲೇ ನೆನಪಿತ್ತು.

ಸೊಪ್ಪು ಯಾಕೆ ಹಾಳು ಮಾಡುವುದೆಂದು ಮನೆಗೆ ತಂದು ದಡ್ಡಿಯಲ್ಲಿ ಕೂಡಿದ್ದ ಆಡುಗಳಿಗೆ ಹಾಕಿದೆ.

ಮಾರ್ಚ್ 30, ಭಾನುವಾರ

ಮರಿ ಸತ್ತಿವೆ. ಎರಡೂ. ಬಂಡೆ ಕೈ ಇಡಲಾಗದಷ್ಟು ಕಾದಿತ್ತು. ಬಾಯಿ ತೆರೆದೇ ಇದ್ದವು.

ಗೆಸ್ಟ್‌ಗಳು ನನ್ನ ಹಿಂದೆಯೇ ಇದ್ದರು. ಶಿವಕಾಂತ ಸರ್ ಕಡಿದ ಟೊಂಗೆಯ ಬುಡ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, ಇದು ಆಡು ಕಾಯುವವರದೇ ಕೆಲಸ, ಎಷ್ಟು ಹೇಳಿದರೂ ಇವರು ಅಷ್ಟೇ ಅಂದರು. ನಾನು ತಲೆಯಾಡಿಸಿದೆ. ಆ ಕಡೆ ಆಡು ಹೊಡೆದುಕೊಂಡು ಹೋಗುವವಳು ನನ್ನ ಅವ್ವ ಒಬ್ಬಳೇ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 8

ಬರೆಯಲು ಮುಖವಿರಲಿಲ್ಲ.

ಇವತ್ತು ಫಾರೆಸ್ಟ್ ವಾಚರ್ ಹೊನ್ನೂರಪ್ಪ ಮನೆಗೇ ಬಂದ. ಗೆಸ್ಟ್‌ಗಳು ಕಂಪ್ಲೇಂಟ್ ಕೊಟ್ಟಿದ್ದಾರೆ. ಟೊಂಗೆ ಕಡಿದವರು ಯಾರು ಎಂದು ಕೇಳಿದ. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ. ಅವ್ವ ಹೊರಗೆ ಹೋಗಿ, "ನಾನ ಕಡದೀನಿ" ಅಂದಳು. ಗಳ ಕಸಿದುಕೊಂಡ. ಇನ್ನು ಆಡು ಗುಡ್ಡ ಹತ್ತುವಂತಿಲ್ಲ ಅಂದ. ಹೋಗುವಾಗ ನನ್ನ ಕಡೆ ತಿರುಗಿ, ಓದಿದವಳು ನೀನಾದರೂ ಅವ್ವನಿಗೆ ತಿಳಿಸಿ ಹೇಳಬಾರದೇ ಅಂದ.

ಅವ್ವ ಬಂದು ಒಲೆ ಮುಂದೆ ಕೂತಳು. "ದಡ್ಡ್ಯಾಗ ಬಾರಿಮುಳ್ಳು ಬಿದ್ದಿದ್ವು. ಅವತ್ತ ಗೊತ್ತಾತು. ನಿನ್ನ ಕಾರ್ಡು ಉಳೀಲಿ ಬಿಡು. ಆಡು ಬಯಲಾಗ ಮೇಯ್ತಾವ."

ಎಲ್ಲಿದೆ ಬಯಲು? ಕೆಳಗೆಲ್ಲ ಕಾಲುವೆ, ಬತ್ತ, ಬೇಲಿ. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಏಪ್ರಿಲ್ 10, ಬೆಳಿಗ್ಗೆ

ಆಡುಗಳು ದಡ್ಡಿಯಲ್ಲೇ ಒದರುತ್ತಿವೆ. ಲಿಂಗಸುಗೂರು ಸಂತೆಗೆ ಹೊಡೆದು ಮಾರೋಣ ಅಂದಳು ಅವ್ವ. ಅಂದವಳು ಒಂದರ ಕಿವಿ ತಿಕ್ಕುತ್ತಾ ಕೂತೇ ಇದ್ದಾಳೆ.

ಶಿವಕಾಂತ ಸರ್ ಫೋನು. ತುರ್ವಿಹಾಳದ ಕಡೆ ಇನ್ನೊಂದು ಗೂಡು ಸಿಕ್ಕಿದೆಯಂತೆ. ಭಾನುವಾರ ಬಾ, ಗಳ ಮರೆಯಬೇಡ ಅಂದು ನಕ್ಕರು. "ಗಳ ಇಲ್ರೀ" ಅಂದೆ. ಅಷ್ಟೇ ಅಂದೆ. ಹೇಡಿ.

ಹೊನ್ನೂರಪ್ಪನಿಗೆ ಬಾ ಅಂತ ಹೇಳಿ ಕಳಿಸಿದ್ದೇನೆ. ಕಾರ್ಡು ಬಿಚ್ಚಿ ಮುಂದೆ ಇಟ್ಟುಕೊಂಡಿದ್ದೇನೆ. ಎದುರಿಗೆ ನಿಂತರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಹೇಳುವುದನ್ನು ಇಲ್ಲೇ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಬೈಕ್ ಸಪ್ಪಳ. ಬಂದ. ಅವ್ವ ಬಾಗಿಲಿಗೆ ಅಡ್ಡ ನಿಂತು ಬೇಡ ಅಂತ ಕೈ ಮಾಡುತ್ತಿದ್ದಾಳೆ. ಇನ್ನೊಂದು ಸಲ — ಅಣ್ಣಾ, ಟೊಂಗಿ ಕಡದಾಕಿ ನಮ್ಮವ್ವ ಅಲ್ಲ, ಕಡದಾಕಿ —