ಬೆಂಗಳೂರಿನ ಎಕ್ಸ್‌ಪರ್ಟ್

ಜಹೀರ್,

ಮಣ್ಣಿನಡಿ ಮಲಗಿರೋ ನಿನಗೆ ಈ ಕಾಗದ ಮುಟ್ಟಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು.

ನಮ್ಮ ಮರಳೂರು ಗ್ಯಾರೇಜಿಗೆ ಒಂದು ಹಳೇ ರೇಸ್ ಕಾರು ಬಂದಿತ್ತು. ವೇಗ ಏರಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ನಿನ್ನ ಮಗಳು ನಿಶಾತ್ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೇ ಕಿತ್ತುಹಾಕಿ, ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್ ಕೂರಿಸಿ, ಕಿಡಿ ಹಾರುವ ಹೊತ್ತನ್ನು ಲ್ಯಾಪ್‌ಟಾಪಿನಲ್ಲಿ ಹೊಂದಿಸಿದಳು. ಎಂಜಿನ್ ಕಟ್ಟಿದವರೇ ಮೊದಲು ಓಡಿಸಬೇಕು ಅನ್ನೋದು ನೀನು ಮಾಡಿದ ನೇಮ. ಇವತ್ತು ಅವಳು ಕೀ ಹಿಡಿದು ಬಾಗಿಲು ತೆಗೆಯುವಾಗ ಕಾರಿನ ಮಾಲೀಕ ಬಂದ.

"ಏನ್ ಗೋವಿಂದರಾಜು, ಸಾಬರ ಹುಡುಗಿ ಕೈಲಿ ಮಾಡಿಸಿಲ್ಲ ತಾನೇ? ಹಂಗಿದ್ರೆ ನಮ್ಮೋರ ಗಾಡಿ ಒಂದೂ ಈ ಕಡೆ ಬರಲ್ಲ ನೋಡು."

ಟೌನ್‌ಹಾಲ್ ಮುಂದೆ ನಿನ್ನ ಹೆಗಲಿಗೆ ಹೆಗಲು ಕೊಟ್ಟು, ಧರ್ಮ ಕೇಳುವ ನಾಲಿಗೆಗೆ ಧಿಕ್ಕಾರ ಅಂತ ಕೂಗಿದವನು ನಾನು. ಅದೇ ಗಂಟಲಿಂದ ಹೊರಟಿತು: "ಇಲ್ಲ ಸಾರ್, ಬೆಂಗಳೂರಿನ ಎಕ್ಸ್‌ಪರ್ಟ್ ಬಂದು ಮಾಡಿದ್ದು. ಇವಳು ಕಸ ಗುಡಿಸೋಕೆ ಬರ್ತಾಳೆ."

ನಿಶಾತ್ ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡು ಕೀ ನನಗೆ ಕೊಟ್ಟಳು. "ತಗೊಳ್ಳಿ ಚಾಚಾ. ಎಕ್ಸ್‌ಪರ್ಟ್ ಸಾಹೇಬ್ರು ಹೇಳಿ ಹೋಗವ್ರೆ, ಇನ್ಮೇಲೆ ಹೆದರದೆ ತುಳೀಬಹುದಂತೆ."

ತುಳಿದೆ ಕಣೋ. ಗುಬ್ಬಿ ತಲುಪುವವರೆಗೂ ಎಂಜಿನ್ ಒಂದು ಸಲವೂ ಮುಗ್ಗರಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಾಲೀಕನಿಗೆ ಖುಷಿಯೋ ಖುಷಿ. ಆ ಎಕ್ಸ್‌ಪರ್ಟ್ ಹೆಸರೇನು ಅಂತ ಕೇಳಿದ.

ನಾಚಿಕೆಗೆಟ್ಟ ನಾನು ಇಲ್ಲದ ಆ ಎಕ್ಸ್‌ಪರ್ಟಿಗೆ ಒಂದು ಹೆಸರನ್ನೂ ಕಟ್ಟಿದೆ.