ಹುಬ್ಬು ಏರಿಸಿದ ತಪ್ಪು

ಮೊರಬ
ಶನಿವಾರ, 14-6-2025

ಚಿ. ಅಮೃತಾಗೆ ನಿನ್ನ ಅವ್ವ ತಲೆ ತಗ್ಗಿಸಿ ಮಾಡುವ ಆಶೀರ್ವಾದ.

ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಗುಡಗೇರಿಯಲ್ಲಿ ದೊಡ್ಡವ್ವನ ಮನೆ ರೈಲು ಹಳಿಗೆ ಹತ್ತಿರ. ದಾಟುವಾಗ ಎರಡೂ ಕಡೆ ನೋಡು, ಮತ್ತೊಮ್ಮೆ ನೋಡು. ಮೊಬೈಲಿನಲ್ಲಿ ಬರೆದರೆ ಯಾರಾದರೂ ಓದಿಯಾರು ಎಂದು ಕಾಗದ ಹಿಡಿದಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ನಗಬೇಡ.

ಸರ್ಕಾರ ತಿಂಗಳಿಗೊಮ್ಮೆ ಕೊಡುವ ಅಂಗವಿಕಲರ ಪಗಾರಕ್ಕೆ ಹಾಕಿದ ನಿನ್ನ ಅರ್ಜಿ ತಿರುಗಿ ಬಂದ ದಿನ, ಬಾಗಿಲು ಹಾಕಿಕೊಂಡು ನಿನ್ನನ್ನೇ ಬೈದೆ. ಕಿವಿ ಪರೀಕ್ಷೆಯಲ್ಲಿ ಊನ ನೂರಕ್ಕೆ ನಲವತ್ತಾದರೂ ಬರಬೇಕಿತ್ತು, ಸರ್ಟಿಫಿಕೇಟಿನಲ್ಲಿ ಮೂವತ್ತೆರಡು ಬಂತು. ಸಪ್ಪಳ ಕೇಳಿದಾಗ ಮಾತ್ರ ಬೆರಳೆತ್ತಬೇಕಿತ್ತು. "ನೀನ ಸುಳ್ಳ ಬೆರಳ ಎತ್ತೀದಿ" ಎಂದು ಕೈ ಮಾಡಿ ತೋರಿಸಿದೆ. ನೀನು ನನ್ನ ಮುಖವನ್ನೇ ನೋಡುತ್ತ ನಿಂತೆ. ಮರುದಿನ ಗುಡಗೇರಿಗೆ ಹೊರಟುಬಿಟ್ಟೆ.

ಆಮೇಲೆ ನಾನು ನವಲಗುಂದ ಕೋರ್ಟಿಗೆ ಹೋದೆ. ಬಡವರ ಕೇಸು ಪುಕ್ಕಟೆ ನಡೆಸಿಕೊಡುವ ವಕೀಲರು ತಬಸುಮ್ ಮೇಡಂ ಸಿಕ್ಕರು. ಪರೀಕ್ಷೆಯ ದಿನ ಏನಾಯಿತು ಎಂದು ಕೇಳಿದರು. ಯಂತ್ರ ನಡೆಸುವ ಕಿರಣಕುಮಾರ ಮೊಬೈಲ್ ನೋಡುತ್ತ ಕುಳಿತಿದ್ದರು ಎಂದುಬಿಟ್ಟೆ. ಮೇಡಂ ಮೇಲ್ಮನವಿಯಲ್ಲಿ ಹಾಗೆಯೇ ಬರೆದರು. ನಿನಗಿನ್ನೂ ಹದಿನೆಂಟು ತುಂಬಿಲ್ಲವಲ್ಲ, ನಾನೇ ಸಹಿ ಮಾಡಿದೆ.

ಮಂಗಳವಾರ ವಿಚಾರಣೆ ಇತ್ತು. ಕಿರಣಕುಮಾರರೂ ನೋಟೀಸು ಹಿಡಿದು ಬಂದಿದ್ದರು. ನನ್ನ ಬಾಜು ಕುಳಿತು, "ಅವ್ವಾರ, ನನ್ನ ಮ್ಯಾಲೆ ಏನ ಸಿಟ್ಟರಿ ನಿಮಗ? ಮೊಬೈಲ್ ಬಾಗಿಲದಾಗ ಇಟ್ಟ ಒಳಗ ಬರ್ತೀನ್ರಿ ನಾ" ಎಂದರು. ಪರೀಕ್ಷೆಯ ದಿನ ನಿನಗೆ ಹೆದರಿಕೆ ಆದೀತೆಂದು, ನಿನ್ನನ್ನು ಕೂಡಿಸಿದ್ದ ಗಾಜಿನ ಕೋಣೆಯ ಬಾಗಿಲು ಎರಡು ಸಲ ತೆಗೆದು ನಕ್ಕವರು ಅವರೇ. "ಇಲ್ರೀ" ಎಂದೆ. ವಿಚಾರಣೆ ನಡೆಸುವ ಸಾಹೇಬರು ಬಾರದೆ ತಾರೀಖು ಮುಂದೆ ಹೋಯಿತು. ತೀರ್ಮಾನ ಆಗುವ ತನಕ ಕಿರಣಕುಮಾರರನ್ನು ಕೆಲಸದಿಂದ ದೂರ ಇಟ್ಟಿದ್ದಾರಂತೆ.

ಏನಾಯಿತೆಂದು ನಿನಗೆ ಗೊತ್ತು. ಗೊತ್ತಿದ್ದೂ ನನ್ನ ಮಾನ ಉಳಿಸಲು ಸುಮ್ಮನಿದ್ದೀ. ಆದರೂ ನನ್ನ ಕೈಯಿಂದ ಬರೆಯಬೇಕು. ಆ ಯಂತ್ರ ಸಪ್ಪಳ ಮಾಡಿದಾಗೆಲ್ಲ ಈಚೆ ಒಂದು ಸಣ್ಣ ದೀಪ ಹತ್ತುತ್ತಿತ್ತು. ನಾನು ಕಿರಣಕುಮಾರರ ಬೆನ್ನ ಹಿಂದೆ ನಿಂತಿದ್ದೆ. ದೀಪ ಹತ್ತಿತು, ನನ್ನ ಹುಬ್ಬು ಏರಿತು. ಗಾಜಿನಾಚೆ ನೀನು ಬೆರಳೆತ್ತಿದೆ.

ನೀನು ಮೂರು ವರ್ಷದವಳಿದ್ದಾಗ ನಾನೇ ಕಲಿಸಿದ ಕಳ್ಳಾಟ. ಅವ್ವ ಹುಬ್ಬು ಏರಿಸಿದರೆ ಹೂಂ ಅನ್ನು, ತುಟಿ ಕಚ್ಚಿದರೆ ಸುಮ್ಮನಿರು. ಬೀಗರ ಮುಂದೆ, ಮಾಸ್ತರರ ಮುಂದೆ, ಬಸುರಿಯರಿಗೆ ಕುಬಸ ಮಾಡುವ ಮನೆಗಳಲ್ಲಿ. "ನಿನ್ನ ಮಗಳು ಭಾಳ ಶಾಣ್ಯಾ ಬಿಡವಾ, ಮಾತ ಕಮ್ಮಿ" ಎಂದು ಹೆಂಗಸರು ಅಂದರೆ ಹಿಗ್ಗುತ್ತಿದ್ದೆ. ಪರೀಕ್ಷೆಯ ದಿನ ಬೇಕಂತಲೇ ಮಾಡಲಿಲ್ಲ ಎಂದು ಬರೆಯಬಹುದು. ಮೊದಲ ಸಲ ಬೇಕಂತ ಅಲ್ಲ. ಆದರೆ ಕಿರಣಕುಮಾರರು ತಿರುಗಿ, "ಅಡ್ಡಿಯಿಲ್ರಿ, ಕೇಳಸ್ತೈತಿ ಹುಡಿಗಿಗೆ" ಎಂದಾಗ, ಎಂಥ ಅರ್ಜಿಗೆ ಬಂದಿದ್ದೇನೆ ಎಂಬುದೇ ಮರೆತು ನನಗೆ ಸಂತೋಷವಾಯಿತು. ಆಮೇಲೆಯೂ ಹುಬ್ಬು ಏರಿಸಿದೆ.

ನಿನ್ನೆ ಮೇಡಂಗೆ ಎಲ್ಲ ಹೇಳಿದೆ. ಪೆನ್ನು ಕೆಳಗಿಟ್ಟು, "ಯವ್ವಾ, ಮಗಳ ಕೇಸ ಗೆಲ್ಲಾಕ ಬಂದೀರೋ, ಸೋಲಾಕ ಬಂದೀರೋ?" ಎಂದರು. ಆಮೇಲೆ ದಾರಿಯನ್ನೂ ಅವರೇ ಹೇಳಿದರು. ನಾನು ತಪ್ಪು ಒಪ್ಪಿ ಬರೆದುಕೊಡಬೇಕು, ಕಿರಣಕುಮಾರರ ಮೇಲಿನ ಮಾತು ಹಿಂದೆ ತೆಗೆದುಕೊಳ್ಳಬೇಕು, ಮರುಪರೀಕ್ಷೆ ಕೇಳಬೇಕು. ತಲೆಗೆ ತಂತಿ ಅಂಟಿಸಿ, ಮಲಗಿಸಿ ಮಾಡುವ ಪರೀಕ್ಷೆ ಇದೆಯಂತೆ. ಅದರಲ್ಲಿ ಬೆರಳೆತ್ತುವ ಕೆಲಸವೇ ಇಲ್ಲ. ಖಾತ್ರಿ ಮಾತ್ರ ಕೊಡಲಿಲ್ಲ. ಸುಳ್ಳು ಹೇಳಿದವಳ ಅರ್ಜಿ ಎಂದು ಸಾಹೇಬರು ಸಿಟ್ಟಿಗೆದ್ದರೆ? ಅದನ್ನೇ ಯೋಚಿಸಿ ಯೋಚಿಸಿ ಇವತ್ತು ರೊಟ್ಟಿ ಹೊತ್ತಿಸಿದೆ.

ಗುರುವಾರ ತಾರೀಖು. ನೀನು ಬಾ, ಯವ್ವಾ. ಪಗಾರಕ್ಕಾಗಿ ಅಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಅದು ಬಂದರೆ ನಿನ್ನ ಆಸೆಯಂತೆ ಹುಬ್ಬಳ್ಳಿಯಲ್ಲಿ ಉಳಿದು ಕಂಪ್ಯೂಟರ್ ಕಲಿಯಬಹುದು. ಪರೀಕ್ಷೆಗೆ ಕರೆದರೆ ನಾನು ಹೊರಗೆ ಬೇವಿನ ಗಿಡದ ಕೆಳಗೆ ಕೂಡುತ್ತೇನೆ. ಒಳಗೆ ಕಾಲಿಡುವುದಿಲ್ಲ.

ನಿನ್ನ ಮುಖ ನೋಡಲು ನಾಚುವ ಅವ್ವ,
ಫಕ್ಕೀರವ್ವ

ತಾ.ಕ.: ಬರೆದುಕೊಡುವ ಕಾಗದದ ಮೊದಲ ಸಾಲು ನನ್ನ ಕೈಬರಹದಲ್ಲೇ ಇರಲಿ ಎಂದಿದ್ದಾರೆ ಮೇಡಂ. ನಾಲ್ಕು ಹಾಳೆ ಹರಿದೆ. ಅರ್ಜಿ ತುಂಬಿಸುವಾಗ ಪಂಚಾಯ್ತಿಯಲ್ಲಿ ಬರೀ ಕಿವಿ ಮುಟ್ಟಿ ತೋರಿಸಿದ್ದೆ. ಮೇಡಂ ಕೇಳಿದಾಗ "ಸ್ವಲ್ಪ ಮಂದ" ಎಂದಿದ್ದೆ. ಈ ಪತ್ರದಲ್ಲೂ ಆ ಮಾತು ಎಲ್ಲೂ ಬರೆದಿಲ್ಲ, ತಿರುಗಿ ನೋಡು. ಮೊದಲು ನಿನಗೆ ಬರೆದು ಕೈಗೆ ರೂಢಿ ಮಾಡಿಕೊಳ್ಳುತ್ತೇನೆ: ನನ್ನ ಮಗಳು ಅಮೃತಾಗೆ ಕಿವಿ ಕೇಳಿಸುವುದಿಲ್ಲ.